ಅಕ್ಕಪಕ್ಕದ ರೆಸಿಸ್ಟರ್‌ಗಳು

ಹೊಸ ಮೊಬೈಲೋ ಲ್ಯಾಪ್‌ಟಾಪೋ ಬಂದಾಗ ಅದರ ಚಿಪ್‌ನಲ್ಲಿ ಎಷ್ಟು ಕೋಟಿ ಟ್ರಾನ್ಸಿಸ್ಟರ್‌ಗಳಿವೆ ಎಂದು ಪತ್ರಿಕೆಗಳು ಬರೆಯುತ್ತವೆ. ಎಷ್ಟು ರೆಸಿಸ್ಟರ್, ಎಷ್ಟು ಕೆಪಾಸಿಟರ್ ಎಂದು ಯಾರೂ ಬರೆಯುವುದಿಲ್ಲ. ನನ್ನ ಅನ್ನ ಹುಟ್ಟುವುದು ಅವುಗಳಿಂದಲೇ. ತಿಪಟೂರಿನ ಕಡೆಯವಳು ನಾನು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಂದವಳು ಅನಲಾಗ್ ಲೇಔಟ್ ಕೆಲಸದಲ್ಲೇ ನಿಂತುಬಿಟ್ಟೆ. ಡಿಸೈನ್ ಮಾಡುವವರು ಕೊಟ್ಟ ಸರ್ಕ್ಯೂಟನ್ನು ಸಿಲಿಕಾನ್ ಮೇಲೆ ಮೂಡಬೇಕಾದ ಆಕೃತಿಗಳಾಗಿ ಬಿಡಿಸುವುದು ನಮ್ಮ ಕೆಲಸ. ತೆರೆಯ ಮೇಲೆ ಕೆಂಪು, ಹಸಿರು, ನೀಲಿ ಆಯತಗಳು. ಒಂದೊಂದು ಬಣ್ಣ ಒಂದೊಂದು ಪದರದ್ದು. ಟ್ರಾನ್ಸಿಸ್ಟರ್‌ಗಳ ಸಾಲು ಬೇಗ ಕೂರುತ್ತದೆ. ಪಕ್ಕದ ನಾಲ್ಕು ರೆಸಿಸ್ಟರ್‌ಗಳನ್ನು ಕೂರಿಸಲು ದಿನಗಟ್ಟಲೆ ಹಿಡಿಯುತ್ತದೆ. ಅದು ಯಾಕೆ ಎಂದು ಮನೆಯವರಿಗೂ ನೆಂಟರಿಗೂ ಹೇಳುತ್ತ ಬಂದಿದ್ದೇನೆ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರೆಸಿಸ್ಟರ್ ಎಂದರೆ ಹರಿಯುವ ಕರೆಂಟಿಗೆ ಇಷ್ಟೇ ಎಂದು ಅಳೆದು ತಡೆಯೊಡ್ಡುವ ವಸ್ತು. ಅದರ ಲೆಕ್ಕ ಓಮ್‌ನಲ್ಲಿ. ಎದುರುಬದುರು ಎರಡು ಲೋಹದ ಹಾಳೆ, ನಡುವೆ ಕರೆಂಟ್ ಹಾಯದ ತೆಳು ಪೊರೆ — ಇದು ಕೆಪಾಸಿಟರ್. ವಿದ್ಯುತ್ತನ್ನು ಒಂದಿಷ್ಟು ತುಂಬಿಕೊಂಡು ಬೇಕಾದಾಗ ಬಿಟ್ಟುಕೊಡುತ್ತದೆ, ಲೆಕ್ಕ ಫ್ಯಾರಡ್‌ನಲ್ಲಿ. ಹಳೆಯ ರೇಡಿಯೊ ಬಿಚ್ಚಿದವರು ಎರಡನ್ನೂ ನೋಡಿರುತ್ತಾರೆ. ಬಣ್ಣದ ಪಟ್ಟೆಗಳಿರುವ ಪುಟ್ಟ ತುಂಡುಗಳು ರೆಸಿಸ್ಟರ್. ಕಂದು ಬಿಲ್ಲೆಗಳು, ಡಬ್ಬಿಯಾಕಾರದವು ಕೆಪಾಸಿಟರ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ‘ಟೆನ್ ಕೆ, ಒನ್ ಪರ್ಸೆಂಟ್’ ಎಂದರೆ ಕಾಗದದ ಪಟ್ಟಿಗೆ ಅಂಟಿಸಿದ್ದನ್ನು ಎಣಿಸಿ ಕತ್ತರಿಸಿ ಕೊಡುತ್ತಾರೆ. ಆ ಮಾತಿಗೆ ಅರ್ಥವಿದೆ: 10,000 ಓಮ್ ಎಂದದ್ದು 9,900ಕ್ಕಿಂತ ಕಡಿಮೆಯಿರುವುದಿಲ್ಲ, 10,100 ಮೀರುವುದಿಲ್ಲ.

ಚಿಪ್‌ನೊಳಗೆ ಅಂಥ ಖಾತರಿ ಸಿಗುವುದಿಲ್ಲ. ಅಲ್ಲಿಗೆ ಹೊರಗಿನಿಂದ ಏನನ್ನೂ ತಂದು ಕೂರಿಸುವ ಹಾಗಿಲ್ಲ. ಟ್ರಾನ್ಸಿಸ್ಟರ್ ಮಾಡಲು ಏನೇನು ಪದರ ಹಾಸುತ್ತಾರೋ ಅದರಲ್ಲೇ ರೆಸಿಸ್ಟರನ್ನೂ ಕೆಪಾಸಿಟರನ್ನೂ ಹುಟ್ಟಿಸಿಕೊಳ್ಳಬೇಕು.

ಹಾಗೆ ಹುಟ್ಟಿಸಬಹುದು ಎಂಬ ಯೋಚನೆಯಿಂದಲೇ ಐಸಿ, ಅಂದರೆ ಇಂದಿನ ಚಿಪ್, ಶುರುವಾಯಿತು. ಜ್ಯಾಕ್ ಕಿಲ್ಬಿ 1958ರ ಮೇನಲ್ಲಿ ಡಲ್ಲಾಸ್‌ನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸೇರಿದರು. ಜುಲೈನಲ್ಲಿ ಕಂಪನಿಗೆ ಸಾಮೂಹಿಕ ರಜೆ. ಹೊಸಬರಾದ ಕಿಲ್ಬಿಗೆ ರಜೆ ಕೂಡಿರಲಿಲ್ಲ, ಖಾಲಿ ಲ್ಯಾಬಿನಲ್ಲಿ ಕೂತು ಯೋಚಿಸಲು ಬಿಡುವಿತ್ತು. ಜುಲೈ 24ರಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದರ ತಿರುಳು ಇದು: ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್ ಎಲ್ಲವನ್ನೂ ಒಂದೇ ಸೆಮಿಕಂಡಕ್ಟರ್ ತುಂಡಿನಲ್ಲಿ ಮಾಡಬಹುದು. ಟ್ರಾನ್ಸಿಸ್ಟರನ್ನು ಸೆಮಿಕಂಡಕ್ಟರಿನಲ್ಲಿ ಮಾಡುವುದು ಆಗಲೇ ಎಲ್ಲರಿಗೂ ಗೊತ್ತಿತ್ತು. ಉಳಿದೆರಡನ್ನೂ ಅದರಲ್ಲೇ ಮಾಡೋಣ ಎಂದದ್ದರಲ್ಲಿ ಹೊಸತನವಿತ್ತು. ಸೆಪ್ಟೆಂಬರ್ 12ರಂದು ಜರ್ಮೇನಿಯಂನ ಒಂದು ಚೂರು ಆಸಿಲೋಸ್ಕೋಪಿನ ಪರದೆಯ ಮೇಲೆ ಅಲೆ ಮೂಡಿಸಿತು. ಆ ಚೂರಿನ ಮೈಯೇ ರೆಸಿಸ್ಟರ್ ಆಗಿತ್ತು, ಒಳಗೆ ಎರಡು ಬಗೆಯ ಸೆಮಿಕಂಡಕ್ಟರ್ ಕೂಡುವ ಪಿ-ಎನ್ ಸಂಧಿ ಕೆಪಾಸಿಟರ್ ಆಗಿತ್ತು. 2000ದಲ್ಲಿ ಅದಕ್ಕೆ ನೊಬೆಲ್ ಬಂತು.

ಆಗ ಬಂದ ಆಕ್ಷೇಪಗಳನ್ನು ಕಿಲ್ಬಿಯವರೇ ಮುಂದೆ ದಾಖಲಿಸಿದ್ದಾರೆ. ರೆಸಿಸ್ಟರ್‌ಗೆ ನೈಕ್ರೋಮ್ ತಂತಿ ಒಳ್ಳೆಯದು, ಕೆಪಾಸಿಟರ್‌ಗೆ ಮೈಲಾರ್ ಹಾಳೆ ಒಳ್ಳೆಯದು. ಎರಡಕ್ಕೂ ಹೊಂದದ ಸೆಮಿಕಂಡಕ್ಟರಿನಲ್ಲಿ ಅವನ್ನೇಕೆ ಮಾಡಬೇಕು ಎಂದು ಬಲ್ಲವರೇ ಕೇಳಿದರು. ಆಕ್ಷೇಪದಲ್ಲಿ ಹುರುಳಿತ್ತು. ಸಿಲಿಕಾನ್ ರೆಸಿಸ್ಟರ್ ಇಂದಿಗೂ ನೈಕ್ರೋಮಿಗೆ ಸಾಟಿಯಾಗಿಲ್ಲ. ಸಾಟಿಯಾಗದ ವಸ್ತುವಿನಿಂದಲೇ ನಿಖರವಾದ ಕೆಲಸ ತೆಗೆಯುವ ದಾರಿಗಳನ್ನು ಆಮೇಲೆ ಬಂದವರು ಕಂಡುಕೊಂಡರು. ನಾನು ಕಲಿತ ವಿದ್ಯೆ ಆ ದಾರಿಗಳದ್ದು. ಕಿಲ್ಬಿಯ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ಡಿಸೈನ್ ಕೇಂದ್ರ ತೆರೆಯಿತು. ಅದರ ಹಿಂದೆಯೇ ಇತರರೂ ಬಂದರು. ಡಲ್ಲಾಸಿನ ಆ ಖಾಲಿ ಲ್ಯಾಬಿನ ಯೋಚನೆಯ ಮುಂದುವರಿಕೆಯಾಗಿ ಇಲ್ಲಿ ಸಾವಿರಾರು ಜನ, ನನ್ನಂಥ ಸಣ್ಣ ಊರಿನವರೂ ಸೇರಿ, ದಿನವೂ ಆಯತ ಬಿಡಿಸುತ್ತಿದ್ದೇವೆ.

ಆ ಆಯತ ರೆಸಿಸ್ಟರ್ ಆಗುವ ಬಗೆ ಹೇಳಬೇಕು. ಪಾಲಿಸಿಲಿಕಾನ್ ಎಂಬ ಪದರವನ್ನು ವೇಫರ್ ಎಂಬ ಸಿಲಿಕಾನ್ ಬಿಲ್ಲೆಯ ತುಂಬ ಹರಡಿ, ಬೇಕಾದಷ್ಟು ಬೆರಕೆ ಸೇರಿಸಿ, ನಾವು ಬಿಡಿಸಿದ ಪಟ್ಟಿಯಷ್ಟನ್ನು ಉಳಿಸಿ ಮಿಕ್ಕದ್ದನ್ನು ಕೊರೆದು ತೆಗೆಯುತ್ತಾರೆ. ಪಟ್ಟಿಯ ದಪ್ಪ ಹೆಚ್ಚುಕಡಿಮೆ ಎಲ್ಲೆಡೆ ಒಂದೇ, ಅದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ನಮ್ಮ ಲೆಕ್ಕ ಚೌಕಗಳಲ್ಲಿ. ಉದ್ದ ಅಗಲ ಸಮವಾದ ಒಂದು ಚೌಕಕ್ಕೆ ಇಷ್ಟು ಓಮ್ ಎಂದು ಚಿಪ್ ತಯಾರಿಸುವ ಫ್ಯಾಬ್‌ನವರು ಹೇಳುತ್ತಾರೆ. ಚೌಕ ದೊಡ್ಡದಾಗಲಿ ಚಿಕ್ಕದಾಗಲಿ ಓಮ್ ಅಷ್ಟೇ, ಯಾಕೆಂದರೆ ಉದ್ದ ಹೆಚ್ಚಿದಷ್ಟು ತಡೆ ಏರುತ್ತದೆ, ಅಗಲ ಹೆಚ್ಚಿದಷ್ಟು ಇಳಿಯುತ್ತದೆ. ಚೌಕಕ್ಕೆ 200 ಓಮ್ ಎಂದಿಟ್ಟುಕೊಂಡರೆ 10,000 ಓಮ್‌ಗೆ 50 ಚೌಕ ಬೇಕು. ಪಟ್ಟಿ 2 ಮೈಕ್ರಾನ್ ಅಗಲವಿದ್ದರೆ 100 ಮೈಕ್ರಾನ್ ಉದ್ದವಾಯಿತು. ಅಷ್ಟೇ ಜಾಗದಲ್ಲಿ ಸಣ್ಣ ಟ್ರಾನ್ಸಿಸ್ಟರ್‌ಗಳು ರಾಶಿರಾಶಿ ಹಿಡಿಯುತ್ತವೆ. ಹೊರಗಿನ ಲೋಕದಲ್ಲಿ ರೆಸಿಸ್ಟರ್ ಅಗ್ಗ, ಟ್ರಾನ್ಸಿಸ್ಟರ್ ತುಟ್ಟಿ. ಚಿಪ್‌ನೊಳಗೆ ಅದು ತಿರುಗುಮುರುಗು. ಫೇರ್‌ಚೈಲ್ಡ್ ಕಂಪನಿಯ ಬಾಬ್ ವಿಡ್ಲರ್ 1960ರ ದಶಕದಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತು, ದೊಡ್ಡ ರೆಸಿಸ್ಟರ್ ಬೇಕೆನಿಸಿದಲ್ಲಿ ಟ್ರಾನ್ಸಿಸ್ಟರ್‌ಗಳಿಂದಲೇ ಅದರ ಕೆಲಸ ಮಾಡಿಸುವ ಸರ್ಕ್ಯೂಟ್‌ಗಳನ್ನು ಹೆಣೆದರು. ಸಣ್ಣ ಕರೆಂಟನ್ನು ಹುಟ್ಟಿಸುವ ಅವರ ಒಂದು ಉಪಾಯ ಅವರ ಹೆಸರಿನಲ್ಲೇ ಪಾಠದ ಪುಸ್ತಕಗಳಲ್ಲಿದೆ.

ಕೆಪಾಸಿಟರ್‌ನ ಪಾಡು ಇನ್ನೂ ಕಷ್ಟ. ಲೋಹದ ಎರಡು ಪದರಗಳ ನಡುವೆ ಮಾಡಿದ ಸಾಮಾನ್ಯ ಕೆಪಾಸಿಟರ್‌ಗೆ ಒಂದು ಚದರ ಮೈಕ್ರಾನಿಗೆ ಒಂದು ಫೆಮ್ಟೊಫ್ಯಾರಡ್ ಸಿಗುತ್ತದೆ ಎನ್ನೋಣ. ಲಕ್ಷ ಕೋಟಿಯಲ್ಲಿ ಒಂದು ಭಾಗ ಪಿಕೋ. ಅದರ ಸಾವಿರದಲ್ಲೊಂದು ಫೆಮ್ಟೊ. ಫ್ಯಾನಿಗೆ ಹಾಕುವ ಎರಡೂವರೆ ಮೈಕ್ರೋಫ್ಯಾರಡ್ ಕಂಡೆನ್ಸರ್ ನಿಮಗೆ ಗೊತ್ತು. ಬರೀ ಒಂದು ಮೈಕ್ರೋಫ್ಯಾರಡನ್ನು ಸಿಲಿಕಾನ್ ಮೇಲೆ ಈ ಲೆಕ್ಕದಲ್ಲಿ ಬಿಡಿಸಹೊರಟರೆ 1,000 ಚದರ ಮಿಲಿಮೀಟರ್ ಬೇಕು. ಒಂದು ಬದಿ ಮೂರು ಸೆಂಟಿಮೀಟರಿಗೂ ಮಿಕ್ಕಿದ ಚೌಕ. ನಾನು ಕೆಲಸ ಮಾಡುವ ಇಡೀ ಚಿಪ್ ಅನೇಕ ಸಲ ಅದರ ನೂರರಲ್ಲೊಂದು ಭಾಗವೂ ಇರುವುದಿಲ್ಲ. ಹಾಗಾಗಿ ಒಳಗೆ ಎಲ್ಲವೂ ಪಿಕೋಫ್ಯಾರಡ್‌ಗಳಲ್ಲೇ. ಸಿಗ್ನಲನ್ನು ಹಿಗ್ಗಿಸುವ ಆಪ್-ಆಂಪ್ ಚಿಪ್‌ಗಳಲ್ಲಿ ಹೆಸರಾಂತ 741 ನೆನಪಿಸಿಕೊಳ್ಳಿ. ಡಿಪ್ಲೊಮಾ ಲ್ಯಾಬಿನಲ್ಲಿ ಅದನ್ನು ಮುಟ್ಟದವರಿಲ್ಲ. ಅದಕ್ಕೂ ಮುಂಚಿನವು ಓಲಾಡದೆ ಸ್ಥಿರವಾಗಿರಲು ಹೊರಗಿನಿಂದ ಕೆಪಾಸಿಟರ್ ಸಿಕ್ಕಿಸಬೇಕಿತ್ತು. 1968ರಲ್ಲಿ ಡೇವ್ ಫುಲಾಗರ್ 30 ಪಿಕೋಫ್ಯಾರಡನ್ನು ಚಿಪ್‌ನ ಒಳಕ್ಕೇ ತಂದರು. ಸಿಕ್ಕಿಸುವ ಉಸಾಬರಿ ತಪ್ಪಿತು, ಲೋಕವೇ ಅದನ್ನು ಕೊಂಡಿತು. ಅದರ ಒಳಗಿನ ಫೋಟೊ ಸಿಕ್ಕರೆ ನೋಡಿ: ಎದ್ದು ಕಾಣುವ ದೊಡ್ಡ ಹಾಳೆ ಆ 30 ಪಿಕೋಫ್ಯಾರಡ್ ಕೆಪಾಸಿಟರೇ.

ಜಾಗದ ಮಾತು ಹಾಗಿರಲಿ, ನಿಜವಾದ ತಲೆನೋವು ಬೇರೆ. ಪದರದ ದಪ್ಪ ಇಂದು ಹೇಗೋ ನಾಳೆ ಹೇಗೋ. ಬೆರಕೆ ಒಂದು ವೇಫರಿಗೆ ಒಂದಿಷ್ಟು ಜಾಸ್ತಿ, ಇನ್ನೊಂದಕ್ಕೆ ಕಡಿಮೆ. 10,000 ಓಮ್ ಎಂದು ಬಿಡಿಸಿದ್ದು 8,000 ಆಗಿ ಬರಬಹುದು, 12,000 ಆಗಿಯೂ ಬರಬಹುದು. ಶೇಕಡಾ 20ರ ಏರುಪೇರು ಈ ದಂಧೆಯಲ್ಲಿ ಸಾಮಾನ್ಯ. ಲೇಸರಿನಿಂದ ಒಂದೊಂದನ್ನೇ ಕೆತ್ತಿ ಸರಿಪಡಿಸುವ ಚಿಪ್‌ಗಳೂ ಇವೆ. ಅದು ದುಬಾರಿ ಹಾದಿ. ಇಷ್ಟು ಎಂದು ನೆಚ್ಚಲಾಗದ ಇಂಥ ವಸ್ತುವಿನಿಂದ ಡಾಕ್ಟರು ನಂಬುವ ಬಿ.ಪಿ. ಯಂತ್ರ, ಅಂಗಡಿಯ ತಕ್ಕಡಿ, ಕಾರಿನ ಬ್ರೇಕ್ ಎಲ್ಲ ನಡೆಯುತ್ತಿವೆಯಲ್ಲ, ಹೇಗೆ?

ನಾವು ಬೆಲೆಯನ್ನು ನೆಚ್ಚುವುದಿಲ್ಲ, ಅನುಪಾತವನ್ನು ನೆಚ್ಚುತ್ತೇವೆ. ಇಡ್ಲಿಗೆ ಒಂದು ಲೋಟ ಉದ್ದಿಗೆ ಮೂರು ಲೋಟ ಅಕ್ಕಿ ಎಂದು ಅಮ್ಮ ಹಾಕುವಾಗ ಆ ಲೋಟ ಎಷ್ಟು ಗ್ರಾಂ ಹಿಡಿಯುತ್ತದೆಂದು ಯಾರೂ ಕೇಳುವುದಿಲ್ಲ. ಎರಡಕ್ಕೂ ಅದೇ ಲೋಟವಾದರೆ ಸಾಕು. ಒಂದೇ ಚಿಪ್‌ನ ಮೇಲೆ ಅಕ್ಕಪಕ್ಕ ಹುಟ್ಟಿದ ಎರಡು ರೆಸಿಸ್ಟರ್‌ಗಳಿಗೆ ಪದರ ಒಂದೇ, ಬೆರಕೆ ಒಂದೇ, ಕೊರೆತ ಒಂದೇ. ಒಂದು ಶೇಕಡಾ 17 ಹೆಚ್ಚಾದರೆ ಇನ್ನೊಂದೂ ಅಷ್ಟೇ ಹೆಚ್ಚಾಗುತ್ತದೆ. ಬೆಲೆ ಎತ್ತಲೋ ಹೋದರೂ ಒಂದಕ್ಕೊಂದರ ಅನುಪಾತ ಸಾವಿರದಲ್ಲಿ ಒಂದು ಪಾಲೂ ಕದಲದಂತೆ ಮಾಡಬಹುದು. ಅಂಗಡಿಯ ‘ಒನ್ ಪರ್ಸೆಂಟ್’ಗಿಂತ ಹತ್ತು ಪಟ್ಟು ಬಿಗಿ. ಸಿಲಿಕಾನ್ ನಮಗೆ ಕೊಟ್ಟ ವರ ಇದು. ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿದ್ದೇ ಇದು ತಿಳಿದ ದಿನ.

ಇದಕ್ಕೆ ನಾನು ಎಲ್ಲರಿಗೂ ತೋರಿಸುವ ಉದಾಹರಣೆ 555 ಟೈಮರ್. ಹಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ಇದನ್ನು ರೂಪಿಸಿದರು. ಮರುವರ್ಷ ಮಾರುಕಟ್ಟೆಗೆ ಬಂತು, ಇಂದಿಗೂ ಮಾರಾಟದಲ್ಲಿದೆ. ಅದರ ಹೊಟ್ಟೆಯಲ್ಲಿ ಸಾಲಾಗಿ ಮೂರು ಒಂದೇ ತೆರನ ರೆಸಿಸ್ಟರ್‌ಗಳು, ತಲಾ 5,000 ಓಮ್‌ನವು. ಸಪ್ಲೈ ವೋಲ್ಟೇಜನ್ನು ಅವು ಮೂರು ಸಮಪಾಲು ಮಾಡುತ್ತವೆ: ಮೂರರಲ್ಲೊಂದು ಒಂದು ಗುರುತು, ಮೂರರಲ್ಲೆರಡು ಇನ್ನೊಂದು ಗುರುತು. ಹೊರಗೆ ನೀವು ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಜೋಡಿಸುತ್ತೀರಿ. ಕೆಪಾಸಿಟರ್ ಅದೇ ಸಪ್ಲೈನಿಂದ ಮೆಲ್ಲಗೆ ತುಂಬಿಕೊಳ್ಳುತ್ತ ಮೇಲಿನ ಗುರುತು ಮುಟ್ಟಿದ ಕೂಡಲೇ ಚಿಪ್ ‘ಹೊತ್ತಾಯಿತು’ ಎನ್ನುತ್ತದೆ. ಈಗ ಫ್ಯಾಬ್‌ನಲ್ಲಿ ಏರುಪೇರಾಗಿ ಒಳಗಿನ ಮೂರೂ 6,000 ಓಮ್ ಆದವು ಎಂದುಕೊಳ್ಳಿ. ಮೂರು ಪಾಲು ಆಗಲೂ ಸಮಪಾಲೇ. ಗುರುತು ಕದಲಲಿಲ್ಲ. ಬ್ಯಾಟರಿ ಇಳಿದು ಒಂಬತ್ತು ವೋಲ್ಟ್ ಎಂಟಾಯಿತೆನ್ನಿ. ಗುರುತೂ ಇಳಿಯಿತು, ಕೆಪಾಸಿಟರ್ ತುಂಬುವ ವೇಗವೂ ಅದೇ ಪ್ರಮಾಣದಲ್ಲಿ ಇಳಿಯಿತು, ಹೊತ್ತು ಮಾತ್ರ ಅಷ್ಟೇ ಉಳಿಯಿತು. ನೀವು ಹೊರಗೆ ಜೋಡಿಸಿದ ರೆಸಿಸ್ಟರನ್ನು ಕೆಪಾಸಿಟರಿನಿಂದ ಗುಣಿಸಿ 1.1ರಿಂದ ಮತ್ತೆ ಗುಣಿಸಿದರೆ ಬರುವಷ್ಟು ಸೆಕೆಂಡ್. ಆ ಸೂತ್ರದಲ್ಲಿ ಚಿಪ್‌ನೊಳಗಿನ ಯಾವ ಓಮ್ ಕೂಡ ಇಲ್ಲ. ಎಷ್ಟು ತಿಳಿದ ಮನುಷ್ಯ ಇದನ್ನು ಮಾಡಿದ್ದು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಅನುಪಾತವೂ ತಾನಾಗಿ ಸಿಗುವುದಿಲ್ಲ, ಬಿಡಿಸುವವರ ಕೈ ಬೇಕು. ಒಂದಕ್ಕೆ ಎರಡು ಬೇಕಾದಾಗ ಒಂದು ಪಟ್ಟಿಯ ಎರಡರಷ್ಟು ಉದ್ದದ ಪಟ್ಟಿ ಎಳೆದರೆ ಕೆಟ್ಟಿತು. ತುದಿಗಳಲ್ಲಿ ಲೋಹ ಕೂಡುವ ಕಡೆ ಇಬ್ಬರಿಗೂ ಅಷ್ಟಷ್ಟೇ ಓಮ್‌ನ ತಡೆ ಸೇರಿ ಲೆಕ್ಕ ತಪ್ಪುತ್ತದೆ. ಒಂದೇ ಅಳತೆಯ ಕಡ್ಡಿಗಳನ್ನು ಬಿಡಿಸಿ ಇಲ್ಲಿ ಒಂದು, ಅಲ್ಲಿ ಎರಡು ಎಂದು ಜೋಡಿಸಬೇಕು. ಎಲ್ಲವೂ ಒಂದೇ ದಿಕ್ಕಿಗೆ ಮಲಗಿರಬೇಕು. ವೇಫರಿನ ಮೇಲೆ ಎಡದಿಂದ ಬಲಕ್ಕೆ ಪದರ ಸಣ್ಣಗೆ ತೆಳುವಾಗುತ್ತ ಹೋಗುತ್ತದೆಯಾದ್ದರಿಂದ ಎರಡು ರೆಸಿಸ್ಟರ್‌ಗಳ ಕಡ್ಡಿಗಳನ್ನು ಒಂದರೊಳಗೊಂದು ಹೆಣೆಯಬೇಕು. ಎರಡೂ ಸಮನಾಗಿದ್ದರೆ ಹೀಗೆ: ಮೊದಲನೆಯದರ ಕಡ್ಡಿ, ಎರಡನೆಯದರ ಎರಡು ಕಡ್ಡಿ, ಮತ್ತೆ ಮೊದಲನೆಯದು. ಆಗ ಇಬ್ಬರ ಸರಾಸರಿ ಜಾಗವೂ ಒಂದೇ ಬಿಂದುವಿಗೆ ಬರುತ್ತದೆ. ಕಾಮನ್ ಸೆಂಟ್ರಾಯ್ಡ್ ಎನ್ನುತ್ತೇವೆ. ಕೆಪಾಸಿಟರ್‌ಗಳಲ್ಲಿ ಒಂದಕ್ಕೆ ಎಂಟು ಬೇಕಾದರೆ ಮೂರು ಸಾಲು ಮೂರು ಕಂಬದ ಒಂಬತ್ತು ಚೌಕ ಹಾಕಿ, ನಡುವಿನದು ಒಂದು, ಸುತ್ತಲಿನವು ಎಂಟು. ಹತ್ತಿರದಲ್ಲಿ ಬಿಸಿಯಾಗುವ ದೊಡ್ಡ ಟ್ರಾನ್ಸಿಸ್ಟರ್ ಇದ್ದರೆ ಅದರ ಕಾವು ಇಬ್ಬರಿಗೂ ಸಮವಾಗಿ ತಗಲುವ ಹಾಗೆ ಸಾಲನ್ನು ತಿರುಗಿಸಬೇಕು, ಯಾಕೆಂದರೆ ಕಾವಿಗೆ ಓಮ್ ಬದಲಾಗುತ್ತದೆ.

ದಾವಣಗೆರೆಯ ಹುಡುಗನೊಬ್ಬ ಹೊಸದಾಗಿ ನಮ್ಮ ಟೀಮಿಗೆ ಬಂದಾಗ ನನ್ನ ತೆರೆ ನೋಡಿ ಕೇಳಿದ: “ಅಕ್ಕ, ಈ ಎರಡು ತುದೀಲಿರೋ ಕಡ್ಡಿಗಳು ಸರ್ಕ್ಯೂಟ್‌ನಲ್ಲೇ ಇಲ್ವಲ್ಲ. ತೆಗೆದ್ರೆ ಜಾಗ ಉಳಿಯುತ್ತೆ.”

“ತೆಗೀಬೇಡಪ್ಪ, ಅವು ಡಮ್ಮಿ,” ಎಂದೆ. “ಕೊರೆಯುವಾಗ ಅಂಚಿನ ಕಡ್ಡಿ ಒಂದು ಥರ ಸವೆಯುತ್ತೆ, ಎರಡೂ ಕಡೆ ಜೊತೆಗಾರರು ಇರೋ ಕಡ್ಡಿ ಇನ್ನೊಂದು ಥರ. ಕೆಲಸ ಮಾಡೋ ಕಡ್ಡಿ ಯಾವುದೂ ಅಂಚಿಗೆ ಬರಬಾರದು. ಅದಕ್ಕೇ ಅಂಚನ್ನ ಇವಕ್ಕೆ ಕೊಟ್ಟಿರೋದು.”

ಇಷ್ಟೆಲ್ಲ ಮಾಡಿದರೂ ಕಣಕಣದ ಆಕಸ್ಮಿಕ ವ್ಯತ್ಯಾಸ ಒಂದಿಷ್ಟು ಉಳಿದೇ ಉಳಿಯುತ್ತದೆ. ಫಿಲಿಪ್ಸ್‌ನ ಮಾರ್ಸೆಲ್ ಪೆಲ್ಗ್ರೋಮ್ 1989ರ ಪ್ರಬಂಧದಲ್ಲಿ ಅದರ ನಿಯಮವನ್ನು ಖಚಿತವಾಗಿ ಬರೆದಿಟ್ಟರು: ವ್ಯತ್ಯಾಸ ಅರ್ಧಕ್ಕಿಳಿಯಬೇಕಾದರೆ ಜಾಗ ನಾಲ್ಕು ಪಟ್ಟಾಗಬೇಕು. ನಿಖರತೆಯನ್ನು ನಾವು ಸಿಲಿಕಾನ್ ಜಾಗ ಕೊಟ್ಟು ಕೊಳ್ಳುತ್ತೇವೆ. ಟ್ರಾನ್ಸಿಸ್ಟರ್ ವರ್ಷ ವರ್ಷ ಕುಗ್ಗುತ್ತ ಬಂದರೂ ಅನಲಾಗ್ ಚಿಪ್ ಅದೇ ಪ್ರಮಾಣದಲ್ಲಿ ಕುಗ್ಗದಿರಲು ಇದೊಂದು ದೊಡ್ಡ ಕಾರಣ.

ಅನುಪಾತ ಎಲ್ಲ ಕಡೆಯೂ ಕೈ ಹಿಡಿಯುವುದಿಲ್ಲ ಎಂಬುದು ಬಹಳ ವರ್ಷ ಎಂಜಿನಿಯರ್‌ಗಳನ್ನು ಕಾಡಿತು. ಫಿಲ್ಟರ್ ತೆಗೆದುಕೊಳ್ಳಿ. ಯಾವ ಸ್ವರವನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬುದನ್ನು ತೀರ್ಮಾನಿಸುವುದು ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳ ಗುಣಲಬ್ಧ. ಎರಡೂ ಬೇರೆ ಬೇರೆ ಪದರದವು, ಒಂದರ ತಪ್ಪನ್ನು ಇನ್ನೊಂದು ತಿದ್ದುವುದಿಲ್ಲ; ಕೆಟ್ಟ ದಿನ ಎರಡರ ತಪ್ಪೂ ಒಂದೇ ಕಡೆಗೆ ಕೂಡುತ್ತದೆ. ಮೇಲಾಗಿ ಮಾತಿನ ಸ್ವರಗಳಷ್ಟು ನಿಧಾನದ ಅಲೆಗಳಿಗೆ ಕೋಟಿ ಓಮ್‌ನಂಥ ರೆಸಿಸ್ಟರ್ ಬೇಕು. ಚೌಕಕ್ಕೆ 200 ಓಮ್‌ನ ಪಟ್ಟಿಯಲ್ಲಿ ಅದಕ್ಕೆ 50,000 ಚೌಕ; 2 ಮೈಕ್ರಾನ್ ಅಗಲದಲ್ಲಿ ಹತ್ತು ಸೆಂಟಿಮೀಟರ್ ಉದ್ದ.

1970ರ ದಶಕದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳು ಡಿಜಿಟಲ್ ಆಗಹೊರಟಾಗ ಒಂದೊಂದು ಲೈನಿಗೂ ಇಂಥ ಫಿಲ್ಟರ್ ಬೇಕಾಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪಾಲ್ ಗ್ರೇ, ರಾಬರ್ಟ್ ಬ್ರೋಡರ್ಸನ್ ಮತ್ತವರ ವಿದ್ಯಾರ್ಥಿಗಳು, ಕೆನಡಾದ ಇನ್ನೊಂದು ತಂಡ, ಸುಮಾರು ಒಂದೇ ಹೊತ್ತಿಗೆ ದಾರಿ ತೋರಿದರು. ರೆಸಿಸ್ಟರನ್ನೇ ಬಿಟ್ಟುಬಿಡಿ. ಒಂದು ಸಣ್ಣ ಕೆಪಾಸಿಟರನ್ನು ಎರಡು ಸ್ವಿಚ್ಚುಗಳ ನಡುವೆ ಇಡಿ. ಎಡಗಡೆಗೆ ತಾಗಿಸಿ ತುಂಬಿಸಿ, ಬಲಗಡೆಗೆ ತಾಗಿಸಿ ಖಾಲಿ ಮಾಡಿ. ಸೆಕೆಂಡಿಗೆ ಲಕ್ಷ ಸಲ ಹೀಗೆ ಮಾಡಿದರೆ ಎಡದಿಂದ ಬಲಕ್ಕೆ ಸರಾಸರಿ ಒಂದು ಕರೆಂಟ್ ಹರಿಯಿತಲ್ಲ? ಹೊರಗಿನಿಂದ ನೋಡಿದರೆ ಅದು ರೆಸಿಸ್ಟರೇ. ಒಂದು ಪಿಕೋಫ್ಯಾರಡ್ ಕೆಪಾಸಿಟರ್ ಸೆಕೆಂಡಿಗೆ ಲಕ್ಷ ಸಲ ಓಡಾಡಿದರೆ ಸರಿಯಾಗಿ ಒಂದು ಕೋಟಿ ಓಮ್. ಹತ್ತು ಸೆಂಟಿಮೀಟರ್ ಪಟ್ಟಿಯ ಕೆಲಸ 32 ಮೈಕ್ರಾನ್ ಚೌಕದಲ್ಲಿ ಮುಗಿಯಿತು. ಮ್ಯಾಕ್ಸ್‌ವೆಲ್ ಈ ಲೆಕ್ಕವನ್ನು 1873ರ ತಮ್ಮ ಗ್ರಂಥದಲ್ಲೇ ಮಾಡಿಟ್ಟಿದ್ದರು. ನೂರು ವರ್ಷದ ಮೇಲೆ ಸಿಲಿಕಾನ್‌ಗೆ ಅದರ ಅಗತ್ಯ ಬಿತ್ತು.

ಜಾಗ ಉಳಿದದ್ದಕ್ಕಿಂತ ದೊಡ್ಡ ಲಾಭ ಬೇರೆಯದು. ಈಗ ಫಿಲ್ಟರಿನ ಸ್ವರವನ್ನು ತೀರ್ಮಾನಿಸುವುದು ಒಂದು ಕೆಪಾಸಿಟರ್‌ಗೂ ಇನ್ನೊಂದು ಕೆಪಾಸಿಟರ್‌ಗೂ ಇರುವ ಅನುಪಾತ, ಜೊತೆಗೆ ಸ್ವಿಚ್ಚು ಮಿಡಿಯುವ ವೇಗ. ವೇಗವನ್ನು ಹೊರಗಿನ ಕ್ವಾರ್ಟ್ಜ್ ಹರಳು ಕರಾರುವಾಕ್ಕಾಗಿ ಕೊಡುತ್ತದೆ. ಅನುಪಾತವನ್ನು ನಮ್ಮಂಥವರು ಒಂಬತ್ತು ಚೌಕ ಹಾಕಿ ಕೊಡುತ್ತೇವೆ. ಓಮ್‌ನ ಅನಿಶ್ಚಿತ ಬೆಲೆ ಲೆಕ್ಕದಿಂದಲೇ ಹೊರಬಿತ್ತು. ಆ ಬಗೆಯ ಫಿಲ್ಟರ್‌ಗಳ ಮೂಲಕ ಹಾದ ಮಾತುಗಳು ಕೋಟ್ಯಂತರ ಮನೆಗಳಿಗೆ ಮುಟ್ಟಿದವು.

ಕೆಪಾಸಿಟರಿನ ಎಣಿಕೆ ಯಾರೂ ಬರೆಯುವುದಿಲ್ಲ ಎಂದೆನಲ್ಲ, ಒಂದು ಎಣಿಕೆ ನಾನೇ ಕೊಡುತ್ತೇನೆ. 1966ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಇಷ್ಟರಲ್ಲೇ ಒಂದು ಬಿಟ್ ನೆನಪನ್ನು ಇಡಬಹುದು ಎಂದು ಹೊಳೆಯಿತು. 1968ರಲ್ಲಿ ಪೇಟೆಂಟ್ ಸಿಕ್ಕಿತು. ತುಂಬಿದ್ದರೆ ಒಂದು, ಖಾಲಿಯಿದ್ದರೆ ಸೊನ್ನೆ. ನಿಮ್ಮ ಫೋನಿನಲ್ಲಿ 8 ಜಿಬಿ ರ‍್ಯಾಮ್ ಇದೆ ಎಂದರೆ 6,800 ಕೋಟಿಗೂ ಹೆಚ್ಚು ಕೆಪಾಸಿಟರ್‌ಗಳು ಅದರಲ್ಲಿವೆ. ಒಂದೊಂದೂ ಹತ್ತು ಫೆಮ್ಟೊಫ್ಯಾರಡ್‌ನ ಆಸುಪಾಸು. ಹಿಡಿಯುವುದು ಕೆಲವು ಹತ್ತು ಸಾವಿರ ಎಲೆಕ್ಟ್ರಾನ್‌ಗಳನ್ನು. ಅವೂ ಸೋರುತ್ತವೆ. ಅದಕ್ಕೇ ಸೆಕೆಂಡಿನ ಸಣ್ಣದೊಂದು ಪಾಲಿನೊಳಗೆ ಎಲ್ಲವನ್ನೂ ಒಮ್ಮೆ ಓದಿ ಮತ್ತೆ ತುಂಬಿಸುವ ಕೆಲಸ ಎಡೆಬಿಡದೆ ನಡೆಯುತ್ತಿರುತ್ತದೆ. ಹಾಳೆಯನ್ನು ಮಲಗಿಸಲು ಜಾಗ ಸಾಲದೆ ಅವನ್ನು ನೆಟ್ಟಗೆ ನಿಲ್ಲಿಸಿದ್ದಾರೆ. ಅಗಲಕ್ಕಿಂತ ಎತ್ತರ ಹತ್ತಾರು ಪಟ್ಟು ಹೆಚ್ಚಿರುವ ಕೊಳವೆಗಳು ಸಾಲು ಸಾಲಾಗಿ ನಿಂತಿರುತ್ತವೆ.

ಬೇಡದ ರೆಸಿಸ್ಟರ್, ಬೇಡದ ಕೆಪಾಸಿಟರ್‌ಗಳೂ ಇವೆ. ಎಲ್ಲ ತಂತಿಗೂ ಒಂದಿಷ್ಟು ತಡೆ, ಪಕ್ಕಪಕ್ಕದ ಎರಡು ತಂತಿಗಳ ನಡುವೆ ಒಂದಿಷ್ಟು ಫೆಮ್ಟೊಫ್ಯಾರಡ್. ಪ್ಯಾರಾಸಿಟಿಕ್ ಎನ್ನುತ್ತೇವೆ. ತಂತಿ ಸಣ್ಣಗಾದಷ್ಟು ಅವು ಸಿಗ್ನಲನ್ನು ತಡಮಾಡುತ್ತವೆ. ಅಲ್ಯೂಮಿನಿಯಂ ಬಿಟ್ಟು ತಾಮ್ರದ ತಂತಿಗೆ ಹೋಗುವುದಾಗಿ 1997ರಲ್ಲಿ ಐಬಿಎಂ ಘೋಷಿಸಿದ್ದರ ಹಿಂದೆ ಈ ತಡವೇ ಇತ್ತು. ಲೇಔಟ್ ಮುಗಿದ ಮೇಲೆ ಇವನ್ನೆಲ್ಲ ಲೆಕ್ಕ ಹಾಕಿಸಿ ಡಿಸೈನರ್ ಕೈಗೆ ಕೊಡುತ್ತೇವೆ. ಎಷ್ಟೋ ಸಲ ಅರ್ಧ ಚಿತ್ರ ಅಳಿಸಿ ಮತ್ತೆ ಬಿಡಿಸುವಂತಾಗುತ್ತದೆ.

ಇಷ್ಟಾಗಿಯೂ ಒಳಕ್ಕೆ ಬಾರದೆ ಉಳಿದವು ಹೊರಗೇ ಇವೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬಿಚ್ಚಿಟ್ಟ ಬೋರ್ಡ್ ನೋಡಿ: ಪ್ರತಿ ಚಿಪ್‌ನ ಸುತ್ತ ಸಾಸಿವೆಗಿಂತ ಚಿಕ್ಕ ಕಂದು ತುಣುಕುಗಳು. ಬಹುಪಾಲು ಸಿರಾಮಿಕ್ ಕೆಪಾಸಿಟರ್‌ಗಳು. ಚಿಪ್ ಒಮ್ಮೆಲೇ ಎದ್ದು ಕೆಲಸಕ್ಕೆ ತೊಡಗಿದಾಗ ಬೇಕಾಗುವ ಕರೆಂಟ್ ದೂರದ ಬ್ಯಾಟರಿಯಿಂದ ಬರುವಷ್ಟರಲ್ಲಿ ವೋಲ್ಟೇಜ್ ಕುಸಿದುಬಿಡುತ್ತದೆ. ಅಷ್ಟು ಹೊತ್ತು ಇವು ಕೊಟ್ಟು ನಿಭಾಯಿಸುತ್ತವೆ. ಇವುಗಳೊಳಗಿನ ಬೇರಿಯಂ ಟೈಟನೇಟ್ ವಿದ್ಯುತ್ ಹಿಡಿದಿಡಲು ನೆರವಾಗುವ ಗುಣ ಸಾವಿರಗಳ ಲೆಕ್ಕದ್ದು. ನಮ್ಮ ಸಿಲಿಕಾನ್ ಆಕ್ಸೈಡಿನದ್ದು 3.9. ಮೈಕ್ರೋಫ್ಯಾರಡ್ ಬೇಕಾದಾಗ ನಾವು ಬೋರ್ಡಿನ ಮೇಲಿನ ಆ ತುಣುಕನ್ನೇ ಕೇಳಬೇಕು. ಈಚೆಗೆ ಸಿಲಿಕಾನ್‌ನಲ್ಲಿ ಆಳದ ಕಾಲುವೆಗಳನ್ನು ಕೊರೆದು, ಅವುಗಳ ಗೋಡೆಗೆಲ್ಲ ಹಾಳೆ ಹೊದಿಸಿ, ಅಂಥ ಕೆಪಾಸಿಟರ್‌ಗಳನ್ನು ದೊಡ್ಡ ಪ್ರಾಸೆಸರ್‌ಗಳ ಹತ್ತಿರಕ್ಕೇ ತರುತ್ತಿದ್ದಾರೆ. ನಾನು ಬಿಡಿಸುವ ಸಣ್ಣ ಚಿಪ್‌ಗಳಿಗೆ ಆ ವೆಚ್ಚ ಹೊಂದುವುದಿಲ್ಲ. ಅವುಗಳ ಡೇಟಾಶೀಟಿನಲ್ಲಿ ಈಗಲೂ ಸಪ್ಲೈ ಕಾಲಿಗೆ ಆದಷ್ಟು ಹತ್ತಿರ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ಎಂದೇ ಬರೆದಿರುತ್ತದೆ.